ಹಗ್ಗದ ಕೆಳಗಿನ ಬಾಯಿ

ಭಾನುವಾರ, ಜುಲೈ 5, 2009

ಸಿಟ್ಟು ಬಂದಾಗ ಕೈ ಎತ್ತಬೇಡ, ಕೂತು ಬರೆ ಎಂದು ನರ್ಸ್ ತಿತಿನ್ ಈ ನೋಟ್‌ಬುಕ್ ಕೊಟ್ಟಿದ್ದಾಳೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ. ತೋರಿಸಲು ನನಗೆ ಯಾರಿದ್ದಾರೆ ಅಂತ ಅವಳಿಗೂ ಗೊತ್ತು.

ಇವತ್ತು ಸಂತೆಯಲ್ಲಿ ನನ್ನ ಕೋಳಿ ಅಂಗಡಿಗೆ ಬಂದ ಒಬ್ಬಳ ಮುಖಕ್ಕೆ ಕೋಳಿಯಲ್ಲಿ ಬಾರಿಸಿದೆ. ಪುಕ್ಕ ಕಿತ್ತ ಇಡೀ ಕೋಳಿ. ಎರಡೂ ಕಾಲು ಹಿಡಿದು ಬೀಸಿದ ರಭಸಕ್ಕೆ ಅವಳು ಪಕ್ಕದ ಮೀನಿನ ಬುಟ್ಟಿಯೊಳಗೆ ಕೂತುಬಿಟ್ಟಳು. ಮೂಗಿನಲ್ಲಿ ರಕ್ತ. ಅವಳು ಹೇಳಿದ್ದು ಇಷ್ಟೇ: "ಸೈಪುಲ್ ಹೋಗಿ ಎಂಟು ತಿಂಗಳಾಯ್ತಲ್ಲ ಮಿನಾರ್, ಇನ್ನಾದ್ರೂ ಸ್ವಲ್ಪ ನಗು. ಎಲ್ಲಾ ಮೇಲಿನವನ ಇಚ್ಛೆ." ಮೇಲಿನವನ ಇಚ್ಛೆಯಂತೆ. ನನ್ನ ತಮ್ಮ ಬಿದ್ದದ್ದು ಕೆಳಗೆ ನಿಂತವನ ಸೋಮಾರಿತನದಿಂದ. ಅದು ನನಗೆ ಗೊತ್ತು.

ಸಿಟ್ಟು ಆರದಿರಲಿ ಅಂತ ನನಗೋಸ್ಕರವೇ ಇನ್ನೊಮ್ಮೆ ಬರೆದುಕೊಳ್ಳುತ್ತೇನೆ. ಸೈಪುಲ್ ಲಾಯಿಸ್ ಆಟದವನು. ನಮ್ಮ ಗಾರುತ್ ಸೀಮೆಯ ಹಳೆಯ ಆಟ. ಏಳಾಳೆತ್ತರದ ಎರಡು ಬಿದಿರು, ತುದಿಯಿಂದ ತುದಿಗೆ ಒಂದು ಹಗ್ಗ. ಬರಿಗಾಲಲ್ಲಿ ಹತ್ತಿ ಅದರ ಮೇಲೆ ನಡೆಯುವುದು, ಕೂರುವುದು, ಅಂಗಾತ ಮಲಗುವುದು. ಬಲೆ ಗಿಲೆ ಏನೂ ಇಲ್ಲ. ಕೆಳಗಿರುವುದು ಡೋಲು, ತುತ್ತೂರಿ, ಮತ್ತೆ ಒಬ್ಬ ಮುದುಕ. ಆ ಮುದುಕ, ಎಲ್ಲರೂ ಅಪ್ಪನ ಹಾಗೆ ಅಬಾ ಎಂದು ಕರೆಯುವ ಜುಹಾನಾ, ಮೇಲಿದ್ದವನನ್ನು ಆಟ ಮುಗಿಯುವ ತನಕ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಜನ ನಗುತ್ತಾರೆ. ಅದೇ ಅವನ ಕೆಲಸ.

ನಮ್ಮನ್ನು ಹೆತ್ತ ಎಮಾ ಸತ್ತಾಗ ಸೈಪುಲ್‌ಗೆ ನಾಲ್ಕು, ನನಗೆ ಹದಿನೆಂಟು. ಹೊಡೆದು ಬಡಿದು ಅವನನ್ನು ಸಾಕಿದವಳು ನಾನು. ಹದಿಮೂರು ವರ್ಷ ಅವನು ಹಗ್ಗ ಹತ್ತಿದರೂ ಒಂದು ದಿನವೂ ನೋಡಲು ಹೋಗಿರಲಿಲ್ಲ, ಎದೆ ಒಡೆದೀತು ಅಂತ. ಹೋದ ನವೆಂಬರಿನಲ್ಲಿ ಅವನಿಗೆ ಹೆಣ್ಣು ಕೊಡುವವರು ಆಟ ನೋಡಲು ಬಂದರು. ಅವರ ಜೊತೆ ಮೊದಲ ಸಲ ಹೋದೆ. ಆಟಕ್ಕೆ ಮುಂಚೆ ಮುದುಕನಿಗೆ ಹೇಳಿದೆ: "ಬೀಗರು ಬಂದಿದಾರೆ. ಅವರೆದುರು ನನ್ನ ತಮ್ಮನ್ನ ನಾಯಿ, ಮಂಗ ಅಂತ ಬೈಬೇಡಿ. ನಮಗೂ ಮರ್ಯಾದೆ ಇದೆ." ಅವನು ತಲೆಯಾಡಿಸಿದ. ಬೈಯಲೂ ಇಲ್ಲ. ಗೂಟದ ಹಾಗೆ ನಿಂತಿದ್ದ. ಹಗ್ಗ ಸಡಿಲ ಕಟ್ಟಿದವನಿಗೆ ಮಾತು ಹೇಗೆ ಹೊರಡಬೇಕು? ಸೈಪುಲ್ ಮಧ್ಯದಲ್ಲಿದ್ದ. ಬಿದ್ದ. ಬಿದ್ದ ಶಬ್ದವನ್ನು ಬರೆಯುವುದಿಲ್ಲ.

ಎಂಟು ತಿಂಗಳು ಬಿಲ ಸೇರಿದ್ದ ಮುದುಕ ಮತ್ತೆ ಬಿದಿರು ನೆಡುತ್ತಿದ್ದಾನಂತೆ. ಮುಂದಿನ ಭಾನುವಾರ ಹಾಜಿ ಮನೆಯ ಮೊಮ್ಮಗನ ಸುನ್ನತಿಗೆ. ಹಗ್ಗ ಕಟ್ಟಿದ ಕೈಯನ್ನು ಮೊಣಕೈ ತನಕ ಮುರಿಯುತ್ತೇನೆ.

ಮಂಗಳವಾರ, ಜುಲೈ 7

ಮಚ್ಚು ಮಸೆದೆ. ಕೋಳಿಯ ಮೂಳೆ ಕಡಿಯುವ ಕೈಗೆ ಮುದುಕನ ಮೂಳೆ ಏನು ಮಹಾ.

ಭಾನುವಾರ, ಜುಲೈ 12

ಹೋಗಿ ಬಂದೆ. ಮುರಿಯಲಿಲ್ಲ. ಕಾರಣ ಇದೆ.

ಬುಟ್ಟಿಯಲ್ಲಿ ಬಾಳೆಲೆಯ ಕೆಳಗೆ ಮಚ್ಚು ಇಟ್ಟುಕೊಂಡು ಹೊರಟೆ. ಹಾಜಿ ಮನೆಯ ಮುಂದೆ, ಕೊಯ್ಲು ಮುಗಿದ ಗದ್ದೆಯಲ್ಲಿ ಬಿದಿರು ನಿಂತಿತ್ತು. ಹಗ್ಗದ ಮೇಲೆ ದಾರ್ಸಾ. ಸೈಪುಲ್‌ನ ಜೊತೆಗಾರ ಇವನು, ಮೂವತ್ತಾರು ವರ್ಷದವನು. ಹೆಂಡತಿ ಬಿಟ್ಟು ಹೋಗಿದ್ದಾಳೆ. ಸುನ್ನತಿಯ ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ತನ್ನ ನೋವು ಮರೆತು ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದ.

ಮುದುಕ ಕೆಳಗೆ ನಿಂತು ಶುರು ಮಾಡಿದ.

"ಏ ಮಂಗ, ಅಲ್ಲೇನು ನಿಮ್ಮಪ್ಪನ ಆಸ್ತಿ ಹುಡುಕ್ತಿದೀಯಾ?"

"ನಿನ್ನ ಬೋಳುತಲೆ ಹೊಳಪು ಇಲ್ಲೀತನಕ ಬರ್ತಿದೆ ಅಬಾ. ಮೊಟ್ಟೆ ಅಂದ್ಕೊಂಡು ಯಾವ್ದಾದ್ರೂ ಕೋಳಿ ಬಂದು ಕಾವು ಕೂತೀತು, ಟೋಪಿ ಹಾಕ್ಕೋ."

"ಥೂ ನಾಯಿ. ನಿನ್ನ ಹೆಂಡ್ತಿ ಓಡಿಹೋಗಿದ್ದು ಸುಮ್ನೇ ಅಲ್ಲ. ಕಾಲೆತ್ತು. ಆ ಕಾಲಲ್ಲ ಕತ್ತೆ, ಇನ್ನೊಂದು. ಎರಡು ಕಾಲು ಕೊಟ್ಟಿದ್ದೇ ತಪ್ಪಾಯ್ತು ನಿಂಗೆ."

ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಜನರನ್ನು ತಳ್ಳಿಕೊಂಡು ಮುದುಕನ ಬೆನ್ನ ಹಿಂದೆ ಹೋಗಿ ನಿಂತೆ. ಎರಡು ಮೊಳ ದೂರ. ಕೈ ಮಚ್ಚಿನ ಹಿಡಿಯ ಮೇಲೇ ಇತ್ತು. ಆದರೆ ಆ ಮುದುಕ ರೆಪ್ಪೆಯನ್ನೇ ಬಡಿಯುತ್ತಿರಲಿಲ್ಲ. ಬಾಯಿ ಬೈಯುತ್ತಿದೆ, ಕಣ್ಣು ದಾರ್ಸಾನ ಪಾದದ ಮೇಲೆ ನೆಟ್ಟಿದೆ, ಕುತ್ತಿಗೆಯ ನರ ಬಳ್ಳಿಯ ಹಾಗೆ ಉಬ್ಬಿದೆ. ಈಗ ಹೊಡೆದರೆ ಮೇಲಿರುವವನು ಬೀಳುತ್ತಾನೆ ಅನ್ನಿಸಿತು. ದಾರ್ಸಾನ ಮೇಲೆ ನನಗೇನೂ ಕನಿಕರವಿಲ್ಲ, ಸುನ್ನತಿಯ ಮನೆಯಲ್ಲಿ ಹೆಣ ಬೇಡ ಅಂತ ಬಿಟ್ಟೆ.

ಆಟ ಮುಗಿದ ಮೇಲೆ ನೋಡಿಕೊಳ್ಳೋಣ ಎಂದು ಅಡುಗೆ ಚಪ್ಪರದ ಹತ್ತಿರ ಕಾದೆ. ಹಾಜಿಯ ಹೆಂಡತಿ ನನ್ನ ಬುಟ್ಟಿಯೊಳಗೆ ಇಣುಕಿ, "ಅಯ್ಯೋ ದೇವರೇ ಕಳಿಸಿದ. ಮಚ್ಚು ತಂದಿದೀಯಲ್ಲ, ನಲವತ್ತು ಕೋಳಿ ಬಿದ್ದಿದೆ, ಕೈಯಾಡಿಸೇ" ಎಂದಳು. ಏನು ಹೇಳಲಿ. ಇದು ಕೋಳಿಗಲ್ಲ ಅಂತ ಹೇಳಲೇ? ನಲವತ್ತೂ ಕಡಿದೆ. ಊಟಕ್ಕೆ ಬಂದ ಮುದುಕ ನನ್ನನ್ನು ನೋಡಿ ನಿಂತುಬಿಟ್ಟ. "ಚೆನ್ನಾಗಿದೀರಾ ನೇಂಗ್?" ಎಂದ. ನೇಂಗ್ ಅಂತೆ. ದೊಡ್ಡ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. ಇಡೀ ಊರನ್ನು ನಾಯಿ ಎನ್ನುವ ಬಾಯಿ ನನ್ನ ಮುಂದೆ ಮಾತ್ರ ಬೆಣ್ಣೆ. ತಪ್ಪು ಮಾಡಿದವನಲ್ಲದಿದ್ದರೆ ಹೀಗೆ ಮೆತ್ತಗಾಗುತ್ತಾನಾ?

ಭಾನುವಾರ, ಜುಲೈ 19

ಇನ್ನೊಂದು ಊರಿನಲ್ಲಿ ಆಟ. ಈ ಸಲ ಬೇಗ ಹೋದೆ, ಹಗ್ಗ ಕಟ್ಟುವುದಕ್ಕೂ ಮುಂಚೆ. ಗಂಟು ಹಾಕುವಾಗಲೇ ಹಿಡಿಯಬೇಕು ಅಂತ.

ಬಿದಿರನ್ನು ಇನ್ನೂ ನೆಲದ ಮೇಲೆ ಮಲಗಿಸಿದ್ದರು. ಮುದುಕ ಆಚೆ ಕೂತು ಕಾಫಿ ಕುಡಿಯುತ್ತಿದ್ದ. ಹಗ್ಗ ಕಟ್ಟುತ್ತಿದ್ದವನು ದಾರ್ಸಾ. ಕಾಲು ಕೊಟ್ಟು ಎಳೆದು, ಕಚ್ಚಿ ನೋಡಿ, ಮತ್ತೆ ಬಿಚ್ಚಿ ಕಟ್ಟುತ್ತಿದ್ದ. ನಾನು ಹೋಗಿ ಗಂಟಿಗೆ ಕೈ ಹಾಕಿದೆ. ಅವನು ನನ್ನ ಕೈಯನ್ನು ಒದ್ದ.

"ಹತ್ತುವವನ ಗಂಟು ಇದು. ಬೇರೆಯವರು ಮುಟ್ಟೋ ಹಾಗಿಲ್ಲ ತೇತೆ."

"ಅಕ್ಕ ಗಿಕ್ಕ ಅನ್ಬೇಡ. ಅವತ್ತು ಮುದುಕ ಮುಟ್ಟಿದ್ನಲ್ಲ?"

"ಯಾರು ಹೇಳಿದ್ದು? ಅವತ್ತಿನ ಗಂಟು ಸೈಪುಲ್ ಹಾಕಿದ್ದು. ಯಾವತ್ತೂ ಅವನೇ. ನಮ್ಮಲ್ಲಿ ತನ್ನ ಹಗ್ಗ ತಾನೇ ಕಟ್ಕೋಬೇಕು. ಅವನು ಬಿದ್ದ ಮೇಲೂ ಗಂಟು ಒಂದೆಳೆ ಜಾರಿರಲಿಲ್ಲ, ನಾನೇ ಬಿಚ್ಚಿದ್ದು."

ಕಪಾಳಕ್ಕೆ ಬಿಗಿದೆ. ಅವನೂ ಬಿಟ್ಟನಾ, ತಿರುಗಿಸಿ ಕೊಟ್ಟ. ಕಿವಿ ಗುಂಯ್ ಎಂದಿತು. ಅವನ ಕೈ ಸಿಕ್ಕಿತು, ಹಲ್ಲು ಊರುವವರೆಗೂ ಕಚ್ಚಿದೆ. ಡೋಲಿನವರು ಬಂದು ಜುಟ್ಟು ಹಿಡಿದು ಬಿಡಿಸಿದರು. ಬಾಯಲ್ಲಿ ಅವನ ರಕ್ತ, ಉಪ್ಪುಪ್ಪು. ಮುದುಕ ಓಡಿ ಬಂದು ನನಗೂ ಅವನಿಗೂ ನಡುವೆ ನಿಂತು, "ನೇಂಗ್‌ಗೆ ಕೈ ಮಾಡ್ತೀಯಾ ಹಂದಿ" ಎಂದು ದಾರ್ಸಾನಿಗೇ ಒದ್ದ.

ಅವನು ಕಚ್ಚಿಸಿಕೊಂಡ ಕೈಯಲ್ಲೇ ಹತ್ತಿದ. ಪೂರ್ತಿ ನೋಡಿದೆ. ಹಗ್ಗದ ಮೇಲೆ ಅಂಗಾತ ಮಲಗಿದಾಗ ಅವನ ಎಡಗೈಯಿಂದ ಒಂದು ಹನಿ ರಕ್ತ ಡೋಲಿನ ಚರ್ಮದ ಮೇಲೆ ಬಿತ್ತು. ಅರಿಸಿನ ಹಚ್ಚಿ ಕಟ್ಟಿಕೋ ಅಂತ ಆಮೇಲೆ ಒಂದು ಬಟ್ಟೆ ಎಸೆದು ಬಂದೆ. ಬಿದ್ದರೆ ನನ್ನ ತಲೆಗೆ ಬರುತ್ತದೆ ಅಂತ, ಅಷ್ಟೆ.

ಗಂಟಿನ ಮಾತು ಸುಳ್ಳು. ಮುದುಕ ಹೇಳಿಕೊಟ್ಟಿರಬೇಕು.

ಭಾನುವಾರ, ಜುಲೈ 26

ಹೊಡೆದೆ.

ಇವತ್ತು ಆಟ ಇರಲಿಲ್ಲ. ಅವನ ಮನೆಗೇ ಹೋದೆ. ಹಿತ್ತಲಿನ ಮೀನಿನ ಕೊಳದಲ್ಲಿ ಎರಡು ಬಿದಿರು ನೆನೆಹಾಕಿದ್ದ, ಆಗಸ್ಟ್ ಹದಿನೇಳರ ಸ್ವಾತಂತ್ರ್ಯದ ಹಬ್ಬದ ಆಟಕ್ಕೆ. ಮೆಟ್ಟಿಲ ಮೇಲೆ ಕೂತು ಪಾಚಿ ತಿಕ್ಕುತ್ತಿದ್ದ. ಒಬ್ಬನೇ.

"ಹಗ್ಗ ಕಟ್ಟಿದ್ದು ನೀನಲ್ಲ ಅಂತಾನೆ ದಾರ್ಸಾ. ಹಾಗಾದ್ರೆ ನೀನೇನು ಮಾಡಿದೆ? ಅವತ್ತು ಯಾಕೆ ಗೂಟದ ಹಾಗೆ ನಿಂತಿದ್ದೆ? ನಂಗೆ ಗೊತ್ತು, ನೀನೇನೋ ಮಾಡಿದೀಯ."

ಅವನು ಕೈಯ ಪಾಚಿ ತೊಳೆದ. ಆಮೇಲೆ ಎದ್ದು ನಿಂತು, "ತಪ್ಪು ನಂದೇ ನೇಂಗ್. ಹೊಡೀರಿ" ಎಂದ.

"ಏನು ತಪ್ಪು, ಬೊಗಳು."

"ನಂದೇ. ಅಷ್ಟೇ. ಹೊಡೀರಿ ನೀವು."

ಮಚ್ಚಿನ ಹಿಂಬದಿ ತಿರುಗಿಸಿ ದವಡೆಗೆ ಬೀಸಿದೆ. ಒಣಕಡ್ಡಿ ಮುರಿದ ಸದ್ದು. ಕೊಳದೊಳಗೆ ಬಿದ್ದ. ಕೂದಲಿಲ್ಲದ ತಲೆ, ಹಿಡಿಯಲು ಸಿಗಲಿಲ್ಲ, ಅಂಗಿ ಹಿಡಿದು ಎಳೆದು ಮತ್ತೆ ಹೊಡೆದೆ. ಎರಡು ಹಲ್ಲು ಮೆಟ್ಟಿಲ ಮೇಲೆ ಬಿದ್ದವು. ನೀರು ಕೆಂಪಾಯಿತು. ಆಹಾರ ಅಂದುಕೊಂಡು ಮೀನುಗಳು ಅವನ ಬಾಯಿಯ ಸುತ್ತ ಬಂದು ಮುತ್ತಿದವು. ಅವನು ಒಂದು ಸಲವೂ ಕೈ ಅಡ್ಡ ಹಿಡಿಯಲಿಲ್ಲ. ಅದನ್ನು ನೋಡಿದರೆ ನನಗೆ ಇನ್ನೂ ಹೊಡೆಯಬೇಕು ಅನ್ನಿಸಿತು, ಕೈಯಲ್ಲಿ ಬಲವೇ ಇರಲಿಲ್ಲ.

ಸತ್ತರೆ ಪೊಲೀಸರ ಕಾಟ ಅಂತ ಬೆನ್ನ ಮೇಲೆ ಹೊತ್ತು ನರ್ಸ್ ತಿತಿನ್ ಹತ್ತಿರ ಒಯ್ದೆ. ಮುದುಕ ಹಗುರ. ಎರಡು ಕೋಳಿ ಬುಟ್ಟಿಯಷ್ಟೂ ತೂಕವಿಲ್ಲ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ರಕ್ತ ಇಳಿಯುತ್ತಿತ್ತು. ತಿತಿನ್ ನನ್ನ ಮುಖ ನೋಡಿದಳು, ಮಚ್ಚು ನೋಡಿದಳು, ಏನೂ ಕೇಳದೆ ಗಾಡಿ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದಳು. ಪೊಲೀಸನ ಮುಂದೆ ಮುದುಕ ಸನ್ನೆ ಮಾಡಿದನಂತೆ, ಮೆಟ್ಟಿಲು ಜಾರಿ ಬಿದ್ದೆ ಅಂತ.

ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅನ್ನ ಸೇರಲಿಲ್ಲ.

ಗುರುವಾರ, ಜುಲೈ 30

ದಾರ್ಸಾ ಅಂಗಡಿಗೆ ಬಂದಿದ್ದ. ಹಲಗೆಯ ಮೇಲಿದ್ದ ಕೋಳಿಯನ್ನೆಲ್ಲ ತೋಳಲ್ಲಿ ಗುಡಿಸಿ ನೆಲಕ್ಕೆ ಹಾಕಿದ. ನಾನು ಮಚ್ಚೆತ್ತಿದೆ. ಅವನು ಕುತ್ತಿಗೆ ಚಾಚಿದ.

"ಹಾಕು. ಅಬಾ ದವಡೆಗೆ ತಂತಿ ಹಾಕಿ ಹಲ್ಲು ಹಲ್ಲು ಕಟ್ಟಿದಾರೆ. ಆರು ವಾರ ಬಾಯಿ ತೆಗೆಯೋ ಹಾಗಿಲ್ಲ. ಯಾರೂ ನಿಂಗೆ ಹೇಳಬಾರ್ದು ಅಂತ ಅಬಾ ನಮ್ಮೆಲ್ಲರ ಹತ್ರ ಆಣೆ ಹಾಕಿಸಿಕೊಂಡಿದ್ರು. ಇವತ್ತು ಆಣೆ ಮುರೀತೀನಿ, ಕೇಳ್ಕೋ."

ಅವನು ಹೇಳಿದ್ದನ್ನು ಬರೆಯುವುದಿಲ್ಲ.

ಸೋಮವಾರ, ಆಗಸ್ಟ್ 3

ನಾಲ್ಕು ದಿನದಿಂದ ಅಂಗಡಿ ತೆರೆದಿಲ್ಲ. ಬರೆಯದಿದ್ದರೆ ತಲೆಯೊಳಗೇ ಸುತ್ತುತ್ತಿದೆ. ಬರೆದು ಮುಗಿಸುತ್ತೇನೆ.

"ಮೇಲೆ ಹೋದವನು ಕೆಳಗೆ ನೋಡೋ ಹಾಗಿಲ್ಲ ತೇತೆ" ಎಂದ ದಾರ್ಸಾ. "ನೋಡಿದ್ರೆ ತಲೆ ತಿರುಗತ್ತೆ, ಕಥೆ ಮುಗೀತು. ನೆಲ ಎಲ್ಲಿದೆ, ಬಿದಿರು ಗಟ್ಟಿ ಇದೆಯಾ, ಎಲ್ಲಾ ನಮಗೆ ಗೊತ್ತಾಗೋದು ಅಬಾ ಬಾಯಿಂದ. ಬೈಗುಳ ಬರ್ತಾ ಇದ್ರೆ ಎಲ್ಲಾ ಸರಿ ಇದೆ ಅಂತ. ಅದು ನಿಂತ್ರೆ ಏನೋ ಕೆಟ್ಟಿದೆ ಅಂತ. ಬಿದಿರು ಸೀಳು ಬಿಟ್ರೆ ಮಾತ್ರ ಅಬಾ ಬೈಯೋದು ನಿಲ್ಸಿ 'ಮಗಾ, ಮೆಲ್ಲಗೆ' ಅನ್ನೋದು. ಅವತ್ತು ಬೀಗರೆದುರು ಬೈಬೇಡಿ ಅಂದಿದ್ದು ಯಾರು?"

ನೆಲಕ್ಕೆ ಬಿದ್ದ ಕೋಳಿ ಎತ್ತಿ ಮಣ್ಣು ಒರೆಸತೊಡಗಿದೆ.

"ಯಾರು ತೇತೆ?"

"ಹಾಗಿದ್ರೆ ಮುದುಕ ಯಾಕೆ ಒಪ್ಪಿದ? ಆಗಲ್ಲ ಅನ್ಬೇಕಿತ್ತು."

"ಹದಿಮೂರು ವರ್ಷ ಸೈಪುಲ್ ಹತ್ತೋಕೆ ಮುಂಚೆ ಜನರ ಮಧ್ಯೆ ನಿನ್ನನ್ನ ಹುಡುಕ್ತಿದ್ದ. ಅಕ್ಕ ಬಂದಿದಾಳಾ ನೋಡಿ ಅಬಾ, ಅಂತಿದ್ದ. ಕೊನೆಗೂ ಬಂದೆ, ಬಂದವಳು ಒಂದೇ ಒಂದು ಮಾತು ಕೇಳಿದೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಅಬಾಗೆ. ಸೈಪುಲ್‌ಗೆ ಹೇಳಿಬಿಡೋಣ ಅಂತ ಹೊರಟ್ರು. ಅಷ್ಟರಲ್ಲಿ ಡೋಲು ಶುರುವಾಯ್ತು, ನೀನು ಬಂದ ಖುಷಿಗೆ ಅವನು ಹತ್ತಿಯೇಬಿಟ್ಟ. ಕೆಳಗಿಂದ ಒಂದು ಬೈಗುಳ ಇಲ್ಲ. ಮಧ್ಯಕ್ಕೆ ಬಂದು ತಡವರಿಸಿದ. ಅಬಾಗೆ ಕೈಕಾಲು ಆಡಲಿಲ್ಲ, ನಿನ್ನ ಕಡೆ ನೋಡಿದ್ರು, ಬೈಯೋಕೆ ಹೋದ ಬಾಯಲ್ಲಿ 'ಮಗಾ, ಮೆಲ್ಲಗೆ' ಅಂತ ಬಂತು. ಸೈಪುಲ್ ಬಿದಿರು ಸೀಳಿತು ಅಂದ್ಕೊಂಡು ಕೆಳಗೆ ನೋಡ್ದ."

ಹೌದು, ಅವನು ನೋಡಿದ. ನನ್ನ ಕಡೆಗೇ ನೋಡಿದ. ನನ್ನನ್ನು ನೋಡಿ ನಗುತ್ತಿದ್ದಾನೆ ಅಂದುಕೊಂಡು ನಾನು ಕೈ ಬೀಸಿದೆ. ಇದನ್ನು ಎಂಟು ತಿಂಗಳಿಂದ ಯಾರಿಗೂ ಹೇಳಿಲ್ಲ.

ನನ್ನ ತಮ್ಮನನ್ನು ನಾನು ಕೊಂದೆ. ಮರ್ಯಾದೆ ಬೇಕಾಗಿತ್ತು ನನಗೆ.

ಮಧ್ಯಾಹ್ನ ಮಚ್ಚು ತೆಗೆದುಕೊಂಡು ಹಿತ್ತಲಿಗೆ ಹೋಗಿ ಬಿದಿರು ಮೆಳೆಯನ್ನು ಬುಡಸಮೇತ ಕಡಿದೆ. ಒಂದೂ ಬಿಡಲಿಲ್ಲ. ಸಿಬಿರು ಹೊಕ್ಕು ಅಂಗೈಯೆಲ್ಲ ಹರಿಯಿತು. ಹಿಡಿ ಮುರಿದು ಮಚ್ಚು ಹಾರಿ ಪಕ್ಕದ ಮನೆಯ ಬಾತುಕೋಳಿಗೆ ಬಿತ್ತು. ಪಕ್ಕದ ಮನೆಯವಳು ಬೈಯಲು ಬಂದವಳು ನನ್ನ ಮುಖ ನೋಡಿ ಸತ್ತ ಬಾತು ಎತ್ತಿಕೊಂಡು ಹಿಂದಕ್ಕೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ, ಆಗಸ್ಟ್ 9

ಗಂಜಿ ಮಾಡಿಕೊಂಡು ಅಬಾ ಮನೆಗೆ ಹೋದೆ. ಕೋಳಿ ಸಾರು ಹಿಂಡಿ, ಅನ್ನ ಅರೆದು, ಬಟ್ಟೆಯಲ್ಲಿ ಸೋಸಿ ನೀರು ಮಾಡಿದ್ದು. ಕೊಳವೆಯಲ್ಲಿ ಹೀರಬೇಕು ಅವರು. ಮುಖ ಹಲಸಿನ ಹಣ್ಣಿನ ಹಾಗೆ ಊದಿದೆ, ಒಂದು ಕಣ್ಣು ಇನ್ನೂ ತೆರೆಯುವುದಿಲ್ಲ. ನನ್ನನ್ನು ನೋಡಿ ಚಾಪೆ ಹಾಸಿಕೊಡಲು ಎದ್ದರು. ಚಾಪೆ ಕಿತ್ತುಕೊಂಡು ನಾನೇ ಹಾಸಿದೆ.

"ದಾರ್ಸಾ ಎಲ್ಲಾ ಹೇಳಿದ" ಎಂದೆ. "ನನ್ನನ್ನ ಬೈರಿ. ಬಾಯಿ ಬರದಿದ್ರೆ ಹೊಡೀರಿ. ಈ ದೊಣ್ಣೆ ತೊಗೊಳ್ಳಿ."

ತಲೆಯಾಡಿಸಿದರು, ಇಲ್ಲ ಅಂತ. ಕೊಳವೆ ಬಾಯಿಗಿಟ್ಟುಕೊಂಡು ಮೆಲ್ಲಗೆ ಹೀರಿದರು. ಎರಡು ಕೈ ಜೋಡಿಸಿ ಉಪಚಾರ ಬೇರೆ. ಅತಿಥಿಯ ಹಾಗೆ ನೋಡಿದರು ನನ್ನನ್ನು. ಅದಕ್ಕಿಂತ ಅದೇ ಮಚ್ಚಿನಲ್ಲಿ ನನಗೂ ಎರಡು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ.

ದಿನಾ ಹೋಗಬೇಕು. ಇನ್ನೊಬ್ಬರು ಮಾಡಿದ ಗಂಜಿಯಲ್ಲಿ ಗಂಟು ಇರುತ್ತದೆ.

ಶುಕ್ರವಾರ, ಆಗಸ್ಟ್ 14

ಊರಿನವರಿಗೆ ಬುದ್ಧಿಯಿಲ್ಲ. ಬಿದಿರು ನೆಟ್ಟಾಗಿದೆ, ನೆಟ್ಟ ಬಿದಿರನ್ನು ಯಾರೂ ಹತ್ತದೆ ಕೀಳಬಾರದಂತೆ, ಊರಿಗೆ ಕೇಡಂತೆ. ಹದಿನೇಳಕ್ಕೆ ಆಟ ಆಗಲೇಬೇಕಂತೆ. ಕೆಳಗೆ ನಿಲ್ಲಲು ಮಾಸ್ತರ್ ಎಂಕೋಸ್‌ನನ್ನು ಒಪ್ಪಿಸಿದ್ದಾರೆ. ಅವನ ಗಂಟಲು ದೊಡ್ಡದು, ಸರಿ. ಮೂವತ್ತು ವರ್ಷ ಪಾಠ ಹೇಳಿದವನು. ಆದರೆ ಅವನಿಗೆ ಬೈಯಲು ಬರುತ್ತದಾ?

ಇವತ್ತು ನಮಾಜು ಮುಗಿದ ಮೇಲೆ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿ ಅಭ್ಯಾಸ ಮಾಡಿದರು. ಗಂಜಿ ಕೊಟ್ಟು ಬರುವಾಗ ನಿಂತು ನೋಡಿದೆ.

"ಏ ದಾರ್ಸಾ" ಎಂದ ಮಾಸ್ತರ. "ನೀನು... ನೀನು ಅಷ್ಟೇನೂ ಬುದ್ಧಿವಂತನಲ್ಲ."

ದಾರ್ಸಾ ಹಗ್ಗದಿಂದ ಇಳಿದು ನೆಲದ ಮೇಲೆ ಕೂತು ನಕ್ಕ. "ಮಾಸ್ತರೇ, ಇದನ್ನ ಕೇಳಿದ್ರೆ ನಾನು ಮೇಲೇ ನಿದ್ದೆ ಹೋಗ್ತೀನಿ." ಆಮೇಲೆ ನನ್ನ ಕಡೆ ತಿರುಗಿದ. "ತೇತೆ, ನೀನು ನಿಲ್ಲು. ಈ ತಾಲೂಕಲ್ಲಿ ಅಬಾ ಬಿಟ್ರೆ ನಿನ್ನಂಥ ಬಾಯಿ ಇನ್ಯಾರಿಗೂ ಇಲ್ಲ."

ಹಗ್ಗದ ಕೆಳಗೆ ನಾನು ಇನ್ನೊಂದು ಸಲ ನಿಲ್ಲಬೇಕಂತೆ. ಚಪ್ಪಲಿ ತೆಗೆದು ಎಸೆದೆ. ಅವನ ಕಿವಿಗೆ ತಾಗಿತು.

ಭಾನುವಾರ, ಆಗಸ್ಟ್ 16

ನಾಳೆ ಹೋಗುವುದಿಲ್ಲ. ಗಂಜಿ ಬೆಳಿಗ್ಗೆಯೇ ಕೊಟ್ಟು ಬರುತ್ತೇನೆ.

ಗಾಳಿ ಜೋರಾಗಿದೆ, ಗುಂತೂರ್ ಬೆಟ್ಟದ ಕಡೆಯಿಂದ.

ಸೋಮವಾರ, ಆಗಸ್ಟ್ 17

ಅಕ್ಷರ ಓರೆಕೋರೆಯಾಗುತ್ತಿದೆ.

ಕೋಳಿ ಕೊಡಲು ಮೈದಾನಕ್ಕೆ ಹೋಗಲೇಬೇಕಾಯಿತು. ಮಕ್ಕಳು ಹಪ್ಪಳ ತಿನ್ನುವ ಪಂದ್ಯದಲ್ಲಿದ್ದರು, ದಾರಕ್ಕೆ ಕಟ್ಟಿದ ಹಪ್ಪಳವನ್ನು ಬಾಯಲ್ಲೇ ಹಿಡಿಯಬೇಕು. ಆ ಕಡೆಯೇ ನೋಡುತ್ತ ನಿಂತೆ. ಡೋಲು ಶುರುವಾದಾಗಲೂ ತಿರುಗಲಿಲ್ಲ. ಅಬಾರನ್ನು ಕುರ್ಚಿಯ ಮೇಲೆ ಕೂರಿಸಿ ಬಿದಿರಿನ ಬುಡದಲ್ಲಿ ಇಟ್ಟಿದ್ದರು. ಮಾಸ್ತರ್ ಎಂಕೋಸ್ ಮೈಕಿನಲ್ಲಿ ಏನೋ ಕಂಠಪಾಠ ಒಪ್ಪಿಸುತ್ತಿದ್ದ, ಕತ್ತೆ, ಕಪಿ, ಕತ್ತೆ, ಕಪಿ, ಮಗ್ಗಿ ಹೇಳಿದ ಹಾಗೆ. ಅದು ಹೇಗೋ ನಡೆಯುತ್ತಿತ್ತು.

ಆಮೇಲೆ ಗಾಳಿ ಬಂತು. ಚಪ್ಪರದ ತಗಡು ಹಾರಿ ಒಬ್ಬ ಹೆಂಗಸಿನ ಹಣೆ ಸೀಳಿತು, ಅವಳು ಕಿರುಚಿದಳು. ಬಿದಿರು ಎರಡೂ ಬಾಗಿ ನರಳಿದವು. ತಿರುಗಿ ನೋಡಿದೆ. ದಾರ್ಸಾ ನಡುಮಧ್ಯದಲ್ಲಿದ್ದ. ಮಾಸ್ತರ ಹೆದರಿ ಬೆವರುತ್ತ ಮೈಕಿನಲ್ಲಿ ಅಂದ: "ದಾರ್ಸಾ, ಮಗಾ, ಮೆಲ್ಲಗೆ. ದೇವರನ್ನ ನೆನೆಸ್ಕೋ."

ಅಬಾ ಕುರ್ಚಿಯಲ್ಲೇ ಎಗರಿದರು. ತಂತಿ ಕಟ್ಟಿದ ಬಾಯಿಂದ ಊಂ ಊಂ ಎಂದು ಪ್ರಾಣಿಯ ಹಾಗೆ ಕೂಗಿ ಊರುಗೋಲಿನಿಂದ ನೆಲ ಚಚ್ಚಿದರು. ದಾರ್ಸಾನ ಗಲ್ಲ ನಿಧಾನವಾಗಿ ಎದೆಯ ಕಡೆಗೆ ಇಳಿಯತೊಡಗಿತು.

ಹೇಗೆ ಓಡಿದೆನೋ. ಮಾಸ್ತರನ ಹೊಟ್ಟೆಗೆ ಒದ್ದು ಬೀಳಿಸಿದ್ದು ನೆನಪಿದೆ. ಅವನ ಕನ್ನಡಕ ನನ್ನ ಕಾಲ ಕೆಳಗೆ ಪುಡಿಯಾದದ್ದು ನೆನಪಿದೆ. ಮೈಕು ಎಸೆದೆ.

"ಎತ್ತೋ ತಲೆ, ದರಿದ್ರ ನಾಯಿ. ಕೆಳಗೇನಿದೆ ನಿಂಗೆ, ನಿನ್ನ ತಾತನ ಗಂಟಾ? ಎತ್ತು ಅಂದೆ. ಮೂತಿ ನೋಡು, ಹಂದಿ ಕೂಡ ವಾಂತಿ ಮಾಡ್ಕೊಳ್ಳತ್ತೆ. ಬಿದ್ದು ಸಾಯೋಕೆ ಇದೇ ದಿನ ಸಿಕ್ಕಿತಾ, ಇಲ್ಲಿ ಅರ್ಧ ಊರು ಊಟಕ್ಕೆ ಕೂತಿದೆ. ನಿನ್ನ ಹೆಣ ಹೊರೋಕೆ ಯಾರಿಗೆ ಪುರುಸೊತ್ತಿದೆ?"

ಅವನ ತಲೆ ನಿಂತಿತು. ಮತ್ತೆ ಮೇಲೆದ್ದಿತು. ನಾನು ನಿಲ್ಲಿಸಲಿಲ್ಲ. ಹಾಲುಹಲ್ಲಿನ ದಿನದಿಂದ ಹಿಡಿದು ಬೈದೆ. ಆಮೇಲೆ ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಡೋಲಿನವನು ಆಮೇಲೆ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

"ಎಡಗಾಲು ಮುಂದಿಡು, ಗೂಬೆ. ಪೇರಲೆ ಕದಿಯೋಕೆ ಹೋಗಿ ಮರದ ಮೇಲೆ ಕೂತು ಅಳ್ತಿದ್ದೆಯಲ್ಲ, ಇಳಿಸೋಕೆ ನಾನೇ ಬರಬೇಕಿತ್ತು. ನಾನು ಉಪವಾಸ ಇದ್ದು ನಿಂಗೆ ತಿನ್ನಿಸಿದ್ದು ಇದಕ್ಕಾ? ಎಮಾಗೆ ಏನಂತ ಉತ್ತರ ಕೊಡ್ಲಿ ನಾನು? ಬೆನ್ನು ಮುರೀತೀನಿ, ಕೆಳಗೆ ಬಾ ನೀನು, ಕೆರ ತೊಗೊಂಡು ಹೊಡೀತೀನಿ. ಕೂತ್ಕೋ ಹಗ್ಗದ ಮೇಲೆ. ಹಾಗೇ ಜಾರು. ನನ್ನೊಬ್ಬಳನ್ನೇ ಬಿಟ್ಟು ಅಲ್ಲೇನೋ ಮಾಡ್ತಿದೀಯ, ಬೇವರ್ಸಿ. ಇಳಿಯೋ. ಇಳಿಯೋ ನಾಯಿ."

ಒಮ್ಮೆ ಗಂಟಲು ಕಟ್ಟಿತು. ಒಂದು ಉಸಿರು, ಅಷ್ಟೆ. ಮತ್ತೆ ಶುರು ಮಾಡಿದೆ. ಅವನು ಬಿದಿರನ್ನು ತಬ್ಬಿಕೊಂಡ. ತಲೆಕೆಳಗಾಗಿ ಇಳಿಯುವುದು ಪದ್ಧತಿ, ಇವತ್ತು ಹಾಗೆ ಇಳಿಯಲಿಲ್ಲ, ಮಗುವಿನ ಹಾಗೆ ಅಂಟಿಕೊಂಡು ಜಾರಿ ಬಂದ. ನೆಲ ಮುಟ್ಟಿ ವಾಂತಿ ಮಾಡಿದ. ಅವನ ಬೆನ್ನಿಗೆ ನಾಲ್ಕು ಗುದ್ದಿದೆ, ಹೇಳಿದ ಮಾತಿನ ಹಾಗೆ.

ಬಾಯಿ ಒರೆಸಿಕೊಂಡು, "ತೇತೆ, ಯಾರನ್ನ ಬೈದೆ ನೀನು?" ಎಂದ.

"ನಿನ್ನನ್ನೇ ಕಣೋ."

"ಒಂದು ಸಲಾನೂ ದಾರ್ಸಾ ಅನ್ನಲಿಲ್ಲ. ಸೈಪುಲ್, ಸೈಪುಲ್ ಅಂತಾನೇ ಕರೀತಿದ್ದೆ."

"ಸುಳ್ಳು."

"ಡೋಲಿನವರನ್ನ ಕೇಳು." ಅವನು ನನ್ನ ಮುಖ ನೋಡಲಿಲ್ಲ, ನೆಲವನ್ನೇ ನೋಡುತ್ತ ಹೇಳಿದ. "ಅವನು ಹಗ್ಗದ ಮೇಲೆ ನನ್ನ ಮುಂದೆ ಹೋಗ್ತಿದಾನೆ ಅನ್ನಿಸ್ತು. ಹಿಂದೆ ಹಿಂದೆ ಬಂದೆ."

ಡೋಲಿನವರ ಕಡೆ ಹೊರಟೆ. ಅಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ತಿರುಗಿಸಿದರು. ಅಬಾ. ಕುರ್ಚಿಯಿಂದ ಎದ್ದು ಬಂದಿದ್ದರು. ಮುಖ ಸಿಟ್ಟಿಗೆ ಕಪ್ಪಾಗಿತ್ತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಕಟ್ಟಿದ ಹಲ್ಲುಗಳ ಸಂದಿಯಿಂದ ರಕ್ತ ಸಿಡಿಸುತ್ತ, ಒಂದೊಂದೇ ಮಾತು ತಳ್ಳಿದರು.

"ನಾಯಿ. ಮಧ್ಯೆ ಒಂದು ಉಸಿರು ನಿಲ್ಸಿದೆ ನೀನು. ಸಾಯ್ತಿದ್ದ ಅವನು. ಕತ್ತೆ. ಕೆಳಗೆ ನಿಂತವಳು ಅಳಬಾರ್ದು ಅಂತ ಗೊತ್ತಿಲ್ವಾ ನಿಂಗೆ, ಮೂದೇವಿ?"

ನಾಯಿ ಎಂದರು. ದವಡೆ ಮುರಿದಾಗಲೂ ಆಡದ ಮಾತು. ಸಿಟ್ಟು ಬರಬೇಕಾಗಿತ್ತು ನನಗೆ. ಅಷ್ಟು ಜನರ ಮುಂದೆ ಮಣ್ಣಿನಲ್ಲಿ ಕೂತು ಗೋಳೋ ಎಂದು ಅತ್ತೆ, ನವೆಂಬರಿನಿಂದ ಅಳದಿದ್ದನ್ನೆಲ್ಲ ಅತ್ತೆ. ಹೆಂಗಸರು ಸಮಾಧಾನ ಮಾಡಲು ಬಂದರು, ಅಬಾ ಊರುಗೋಲು ಬೀಸಿ ಓಡಿಸಿದರು. ನನ್ನ ತಲೆಯ ಮೇಲೆ ನಿಂತು ಹಂದಿ, ಗೂಬೆ, ಹಾಳಾದವಳೇ ಅಂತ ಬೈಯುತ್ತಲೇ ಇದ್ದರು. ನಾನು ಅಳು ಮುಗಿಸಿ ಎದ್ದು ನಿಲ್ಲುವ ತನಕ ಅವರು ಬೈಯುವುದನ್ನು ನಿಲ್ಲಿಸಲಿಲ್ಲ.